ಸಂಬಂಧಿಕರು ಬಂದರೆ ಕುರ್ಚಿ ಬಿಡಬೇಕು

ಬಡಾವಣೆಯ ಜನ ಅವಳನ್ನು ಎಕ್ಸ್‌ರೇ ಅಕ್ಕ ಎಂದೇ ಕರೆಯುತ್ತಿದ್ದರು. ಸಂಜೆ ಅವಳು ಬಸ್ಸಿಳಿದು ಬರುವುದನ್ನು ಕಂಡರೆ ಸಾಕು, ಅಂಗಡಿಯಿಂದ ಹಿಂತಿರುಗುವ ಹೆಂಗಸರು ಕೈಚೀಲವನ್ನು ಬೆನ್ನ ಹಿಂದೆ ಬಚ್ಚಿಡುವ ನಾಟಕ ಆಡುತ್ತಿದ್ದರು. ಕೆಳಗಿನ ಮನೆಯ ಮುದುಕನಂತೂ, "ಅಕ್ಕಾ, ನನ್ನ ಹೊಟ್ಟೆ ಒಳಗೆ ಏನಿದೆ ಅಂತ ಸ್ವಲ್ಪ ನೋಡಿ ಹೇಳಮ್ಮ, ಡಾಕ್ಟರ ಹತ್ರ ಹೋಗೋದು ತಪ್ಪುತ್ತೆ" ಎಂದು ವಾರಕ್ಕೊಮ್ಮೆಯಾದರೂ ಹೇಳದಿದ್ದರೆ ಉಂಡ ಅನ್ನ ಅರಗದವನು. ಅವಳು ಪ್ರತಿ ಸಲವೂ ನಗುತ್ತಿದ್ದಳು. ಹಳೆಯ ಹಾಸ್ಯಕ್ಕೆ ಹೊಸದಾಗಿ ನಗುವುದು ದೊಡ್ಡ ಗುಣ. ಅದು ನಮ್ಮಲ್ಲಿ ಎಲ್ಲರಿಗೂ ಇರುವುದಿಲ್ಲ.

ಅವಳ ಕೆಲಸ ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯಲ್ಲಿ. ಅದೂ ಊರಿನ ಜನ ನೋಡುವ ಕಡೆಯಲ್ಲಲ್ಲ. ಒಂದು ದೇಶದಿಂದ ಬಂದಿಳಿದು ಇನ್ನೊಂದು ದೇಶದ ವಿಮಾನ ಹತ್ತುವವರು ಊರೊಳಗೆ ಕಾಲಿಡದೆ ಹಾದುಹೋಗುವ ಒಳಗಿನ ಪಡಸಾಲೆಯೊಂದಿದೆ, ಅಲ್ಲಿ. ಕಿಟಕಿಯಿಲ್ಲದ ಜಾಗ. ಚೀಲ ಹೊತ್ತು ಸಾಗುವ ಬೆಲ್ಟು, ಅದರ ನಡುವೆ ಯಂತ್ರ, ಒಂದರೊಳಗೊಂದು ಪೇರಿಸಿದ ಬೂದು ಟ್ರೇಗಳು, ಮೂಲೆಯಲ್ಲಿ ಹೆಂಗಸರ ತಪಾಸಣೆಗೆಂದು ಪರದೆ ಇಳಿಬಿಟ್ಟ ಒಂದು ಗೂಡು. ವಿಮಾನ ಇಳಿದರೆ ಜನ ಒಮ್ಮೆಗೇ ನುಗ್ಗುತ್ತಾರೆ. ನಿದ್ದೆಗೆಟ್ಟ ಕಣ್ಣು, ಬಿಚ್ಚಿದ ಬೂಟು, ಜಾರುವ ಪ್ಯಾಂಟನ್ನು ಹಿಡಿದುಕೊಂಡ ಕೈ. ಎಂಥ ದೊಡ್ಡ ಮನುಷ್ಯನೂ ಅಲ್ಲಿ ಶಾಲೆಗೆ ತಡವಾಗಿ ಬಂದ ಹುಡುಗನ ಹಾಗೆ ನಿಲ್ಲಬೇಕು.

ಸ್ಕ್ರೀನಿನ ಮುಂದೆ ಹೆಚ್ಚು ಹೊತ್ತು ಕೂತರೆ ಕಣ್ಣು ಸೋಲುತ್ತದೆ. ಅದಕ್ಕೇ ಸ್ವಲ್ಪ ಹೊತ್ತಿಗೊಮ್ಮೆ ಕುರ್ಚಿ ಬದಲಾಗುತ್ತಿತ್ತು. ಸ್ಕ್ರೀನಿನಿಂದ ಎದ್ದವಳು ಗೂಡಿಗೆ ಹೋಗಿ ಹೆಂಗಸರ ಮೈ ತಡವಿ ನೋಡಬೇಕು. ಹೆಗಲು, ತೋಳು, ಬೆನ್ನು, ಸೊಂಟ, ಕಾಲು. ಎಷ್ಟು ದೇಶದ ಹೆಂಗಸರನ್ನು ಅವಳ ಕೈ ಮುಟ್ಟಿತ್ತೋ ಲೆಕ್ಕವಿಲ್ಲ. ಕಚಗುಳಿಯಾಗಿ ಕಿಲಕಿಲ ನಗುವವರಿದ್ದರು, ಮರದ ಹಲಗೆಯಂತೆ ಬಿಗಿದುಕೊಳ್ಳುವವರಿದ್ದರು, ಫೋನಿನಲ್ಲಿ ಯಾರನ್ನೋ ಬೈಯುತ್ತಲೇ ಕೈ ಎತ್ತುವವರೂ ಇದ್ದರು. ಯಾವ ಭಾಷೆಯವಳೋ ಒಬ್ಬ ಅಜ್ಜಿ, ಇವಳು ಹೆಗಲು ಮುಟ್ಟುತ್ತಿದ್ದಂತೆ ತಾನೇ ಇವಳ ಕೆನ್ನೆ ಸವರಿ ಹೋಗಿದ್ದಳು. ಹೀಗೆ ಕಂಡವರನ್ನೆಲ್ಲ ಮುಟ್ಟುವುದೇ ಕೆಲಸವಾದ ಅವಳು ಮುಟ್ಟಲೇಬಾರದವಳು ಒಬ್ಬಳಿದ್ದಳು. ಅವಳ ಒಡಹುಟ್ಟಿದ ತಂಗಿ.

ಅವರಮ್ಮ ಬಟ್ಟೆ ಹೊಲಿದು ಮನೆ ನಡೆಸಿದವಳು. ತಂಗಿಗೆ ಇನ್ನೂ ಹಾಲುಹಲ್ಲು ಉದುರದಿದ್ದಾಗಲೇ ಹೋಗಿಬಿಟ್ಟಳು. ಆಮೇಲೆ ತಂಗಿಗೆ ತಲೆ ಬಾಚಿದ್ದು, ಜ್ವರ ಬಂದಾಗ ಎದೆಗವಚಿಕೊಂಡು ಮಲಗಿದ್ದು, ಹೊಲಿಗೆ ಕಲಿಸಿದ್ದು ಎಲ್ಲ ಅಕ್ಕನೇ. ತಂಗಿ ಬೆಳೆದು, ಪಕ್ಕದ ದೇಶದವನೊಬ್ಬನನ್ನು ಮೆಚ್ಚಿ ಮದುವೆಯಾಗಿ, ಅವನ ದೇಶದ ಪಾಸ್‌ಪೋರ್ಟ್ ಮಾಡಿಸಿಕೊಂಡಳು. ಆಗ ಅದೇನೂ ದೊಡ್ಡ ವಿಷಯವಾಗಿರಲಿಲ್ಲ. ಮೂರು ವರ್ಷ ಕಳೆಯುವುದರೊಳಗೆ ಎರಡೂ ದೇಶಗಳದು ಎಣ್ಣೆ ಸೀಗೆಕಾಯಿ ಸಂಬಂಧವಾಯಿತು. ವೀಸಾ ನಿಂತಿತು. ಅಲ್ಲಿಯವರು ಇಲ್ಲಿಗೆ ಬರುವಂತಿಲ್ಲ, ಇಲ್ಲಿಯವರು ಅಲ್ಲಿಗೆ ಹೋಗುವಂತಿಲ್ಲ. ಅಕ್ಕನಂಥ ಭದ್ರತಾ ಸಿಬ್ಬಂದಿಯಂತೂ ಆ ದೇಶದ ಹೆಸರೆತ್ತಿದರೂ ಮೇಲಿನವರು ಹುಬ್ಬು ಗಂಟಿಕ್ಕುತ್ತಿದ್ದರು. ದೊಡ್ಡವರು ಮುನಿಸಿಕೊಂಡರೆ ಸಣ್ಣವರ ಮನೆ ಬಾಗಿಲು ಮುಚ್ಚುತ್ತದೆ, ಇನ್ನೇನು.

ಆದರೆ ಒಂದು ಸಂದಿ ಉಳಿದಿತ್ತು. ತಂಗಿ ದೂರದ ಮೂರನೆಯ ದೇಶವೊಂದರ ಹೋಟೆಲಿನಲ್ಲಿ ಹೊಲಿಗೆ ಕೆಲಸಕ್ಕೆ ಸೇರಿದ್ದಳು. ವರ್ಷಕ್ಕೊಮ್ಮೆ ರಜೆಯ ಮೇಲೆ ಗಂಡನ ಊರಿಗೆ ಹೋಗುವಾಗ ಒಮ್ಮೆ, ಕೆಲಸಕ್ಕೆ ಮರಳುವಾಗ ಇನ್ನೊಮ್ಮೆ ಅವಳು ವಿಮಾನ ಬದಲಾಯಿಸುತ್ತಿದ್ದುದು ಇಲ್ಲೇ, ಅಕ್ಕ ಕೆಲಸ ಮಾಡುವ ಈ ನಿಲ್ದಾಣದಲ್ಲೇ. ವಿಮಾನ ಬದಲಾಯಿಸುವವರಿಗೆ ವೀಸಾ ಬೇಡ. ಅವರು ತಪಾಸಣೆಯ ಪಡಸಾಲೆ ದಾಟಿ ಮುಂದೆ ಹೋದರಾಯಿತು. ಆ ದಾಟುವ ಹೊತ್ತಿನಲ್ಲೇ ಅಕ್ಕತಂಗಿಯರ ಭೇಟಿ.

ಅದಕ್ಕೂ ಒಂದು ನಿಯಮವಿತ್ತು. ಸಿಬ್ಬಂದಿಯ ಸಂಬಂಧಿಕರು ತಪಾಸಣೆಗೆ ಬಂದರೆ, ಅದನ್ನು ಬಾಯಿಬಿಟ್ಟು ಹೇಳಿ, ಕುರ್ಚಿ ಬಿಟ್ಟೆದ್ದು ಹಳದಿ ಗೆರೆಯ ಹಿಂದೆ ನಿಲ್ಲಬೇಕು. ಚೀಲ ನೋಡಬಾರದು, ಮೈ ಮುಟ್ಟಬಾರದು. ಗೆರೆಯ ಆಚೆಯಿಂದ ಮಾತಾಡಬಾರದು ಎಂದು ಮಾತ್ರ ಯಾರೂ ಬರೆದಿರಲಿಲ್ಲ. ಬರೆಯಲು ಮರೆತವನ ಹೊಟ್ಟೆ ತಣ್ಣಗಿರಲಿ ಎಂದು ಅಕ್ಕ ಮನಸ್ಸಿನಲ್ಲೇ ಹರಸುತ್ತಿದ್ದಳು.

ಸಹೋದ್ಯೋಗಿಗಳು ಒಳ್ಳೆಯವರು. ದಪ್ಪ ಮೀಸೆಯ ಒಬ್ಬನಿದ್ದ, ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು. ತಂಗಿಯ ಚೀಲ ಬಂದರೆ ಅವನು ಬೆಲ್ಟನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ, "ಯಾಕೋ ಚಿತ್ರ ಸ್ಪಷ್ಟ ಇಲ್ಲ, ಇನ್ನೊಂದ್ಸಲ ಹಾಕೋಣ" ಎಂದು ಗಂಭೀರವಾಗಿ ಗೊಣಗುತ್ತಿದ್ದ. ಆಮೇಲೆ ಚೀಲ ಬಿಚ್ಚಿ, ಒಂದೊಂದೇ ಬಟ್ಟೆ ತೆಗೆದು, ಒಂದೊಂದೇ ಮಡಚಿಡುತ್ತಿದ್ದ. ಅಷ್ಟು ಹೊತ್ತು ಅಕ್ಕ ಗೆರೆಯ ಈಚೆ, ತಂಗಿ ಮೇಜಿನ ಆಚೆ.

"ನನ್ನನ್ನೇ ಯಾಕೆ ಪ್ರತಿ ಸಲ ಕಳ್ಳಿ ತರ ನೋಡ್ತಾರೆ ಅಕ್ಕ?" ಎಂದು ತಂಗಿ ನಗುತ್ತಿದ್ದಳು.

"ಮುಖ ಹಾಗಿದೆ ಕಣೇ, ಏನ್ಮಾಡೋದು" ಎನ್ನುತ್ತಿದ್ದಳು ಅಕ್ಕ.

ಹೇಳಬೇಕಾದದ್ದು ರಾಶಿ ಇದ್ದರೂ ಬಾಯಿಗೆ ಬರುತ್ತಿದ್ದುದು ಇಂಥವೇ ನಾಲ್ಕು ಮಾತು. ಊಟ ಆಯ್ತಾ, ಗಂಡ ಹೇಗಿದ್ದಾನೆ, ಕೈ ಯಾಕೆ ಹೀಗೆ ಒಡೆದಿದೆ. ಗೂಡಿನಲ್ಲಿ ತಂಗಿಯ ಮೈ ನೋಡುತ್ತಿದ್ದುದು ಅಕ್ಕನ ಜೊತೆಗಾತಿ, ಅದೇ ಶಿಫ್ಟಿನ ಇನ್ನೊಬ್ಬ ಹೆಂಗಸು. ತಂಗಿ ಹೋದ ಮೇಲೆ ಅಕ್ಕ ಅವಳ ಬಳಿ ಹೋಗಿ ಮೆಲ್ಲಗೆ ಕೇಳುತ್ತಿದ್ದಳು, "ಹೇಗಿದ್ದಾಳೆ?"

ಜೊತೆಗಾತಿಗೆ ಆ ಪ್ರಶ್ನೆಯ ಅರ್ಥ ಗೊತ್ತಿತ್ತು. "ಹೆಗಲು ಸ್ವಲ್ಪ ಸೊರಗಿದೆ ಕಣೇ. ಬೆನ್ನು ಪರವಾಗಿಲ್ಲ" ಎನ್ನುತ್ತಿದ್ದಳು.

ತಾನು ಎತ್ತಿ ಆಡಿಸಿದ ಮೈಯ ಸುದ್ದಿಯನ್ನು ಇನ್ನೊಬ್ಬಳ ಕೈಯಿಂದ ಕೇಳಿ ತಿಳಿಯಬೇಕು. ಮನೆಗೆ ಹೋಗುವ ಬಸ್ಸಿನಲ್ಲಿ ಅಕ್ಕ ತನ್ನ ಎರಡು ಅಂಗೈಗಳನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದಳು. ಒಂದೇ ಒಂದು ಸಲ ಅವಳನ್ನು ಮುಟ್ಟಬೇಕು ಎಂಬ ಆಸೆ ಎಷ್ಟು ದೊಡ್ಡದೆಂದರೆ, ಅದನ್ನು ಯಾರ ಮುಂದೆ ಹೇಳಲೂ ಅವಳಿಗೆ ನಾಚಿಕೆಯಾಗುತ್ತಿತ್ತು.

ತನ್ನ ಸಿಬ್ಬಂದಿ ಪಾಸ್ ತೋರಿಸಿ ಒಳಗೆ ಹೋಗಿ ಅವಳ ಜೊತೆ ಕೂತು ಬರಬಾರದೇ ಎಂದು ನೀವು ಕೇಳಬಹುದು. ಮೊದಲಾದರೆ ಆಗುತ್ತಿತ್ತೇನೋ. ಆದರೆ ಜಗತ್ತಿನ ವಿಮಾನ ಭದ್ರತೆಯವರಿಗೆ ಈಗ ಇರುವ ತಲೆನೋವು ಒಂದೆರಡಲ್ಲ. ವರ್ಷಕ್ಕೊಮ್ಮೆ ನಡೆಯುವ ತರಬೇತಿಯಲ್ಲಿ ಮೇಷ್ಟರು ಅವನ್ನೆಲ್ಲ ಒಪ್ಪಿಸುತ್ತಿದ್ದರು. ರನ್‌ವೇ ಮೇಲೆ ಹಾರಿಬರುವ ಡ್ರೋನು, ಸುಳ್ಳು ಸಂಕೇತ ಕೊಟ್ಟು ವಿಮಾನಕ್ಕೆ ದಾರಿ ತಪ್ಪಿಸುವವರು, ಕಂಪ್ಯೂಟರಿಗೆ ಕನ್ನ ಹಾಕುವವರು. ಕೊನೆಗೆ ದನಿ ತಗ್ಗಿಸಿ, ಎಲ್ಲಕ್ಕಿಂತ ಅಪಾಯ ಒಳಗಿನವರದು ಎನ್ನುತ್ತಿದ್ದರು. "ಒಳಗಿನವರು ಅಂದ್ರೆ ನಾವೇ ಅಲ್ವಾ ಸಾರ್" ಎಂದು ಮೀಸೆ ಕೇಳಿದ್ದ. ಮೇಷ್ಟರು ನಗಲಿಲ್ಲ. ಎಲ್ಲೋ ದೂರದ ನಿಲ್ದಾಣದಲ್ಲಿ ಪಾಸ್ ಇದ್ದವನೊಬ್ಬ ಹೊರಗಿನವರಿಗೆ ಬಾಗಿಲು ತೆರೆದುಕೊಟ್ಟಿದ್ದನಂತೆ. ಅಂದಿನಿಂದ ಎಲ್ಲ ದೇಶಗಳೂ ಕೂಡಿ ಬಿಗಿ ಮಾಡಿದವು. ಕೆಲಸವಿಲ್ಲದ ಬಾಗಿಲಿಗೆ ಪಾಸ್ ತೋರಿಸಿದರೆ ಪಾಸೂ ಹೋಯಿತು, ಕೆಲಸವೂ ಹೋಯಿತು.

ಹಾಗೆ ದೇಶಗಳು ಕೂಡುವುದು ತಪ್ಪೆಂದು ಅಕ್ಕ ಎಂದೂ ಹೇಳಿದವಳಲ್ಲ. ಒಂದೊಂದು ಕಡೆ ಒಂದೊಂದು ಕಾನೂನು ಇದ್ದರೆ ಆಗುವ ರಂಪ ಅವಳಿಗೇ ಗೊತ್ತಿತ್ತು. ಹೊಸ ಯಂತ್ರ ಇರುವ ದೇಶದಲ್ಲಿ ನೀರಿನ ಬಾಟಲಿ ಬಿಡುತ್ತಾರೆ, ಹಳೆ ಯಂತ್ರ ಇರುವ ಇಲ್ಲಿ ಕಸಿದುಕೊಳ್ಳುತ್ತಾರೆ. "ಅಲ್ಲಿ ಬಿಟ್ಟರಲ್ಲ, ನಿಮ್ಮದೇನು ದೊಡ್ಡಸ್ತಿಕೆ" ಎಂದು ದಿನಾ ಯಾರಾದರೊಬ್ಬರು ಅವಳ ಮೇಲೆ ಹರಿಹಾಯುತ್ತಿದ್ದರು. ಒಂದು ಕಡೆ ಸರಿಯಾಗಿ ನೋಡಿದ್ದನ್ನು ಮತ್ತೆ ಮತ್ತೆ ನೋಡುವ ಬದಲು ಒಬ್ಬರನ್ನೊಬ್ಬರು ನಂಬೋಣ, ಉಳಿದ ಜನರನ್ನು ಸರಕಿನ ಕಡೆಗೆ, ಸಿಬ್ಬಂದಿಯ ಬಾಗಿಲಿನ ಕಡೆಗೆ ಹಾಕೋಣ ಎಂದು ದೇಶಗಳು ಮಾತಾಡಿಕೊಂಡವು. ಬುದ್ಧಿವಂತಿಕೆಯ ಮಾತೇ. ಮೊದಲ ಒಪ್ಪಂದ ಆದದ್ದು ತಂಗಿ ಕೆಲಸ ಮಾಡುವ ದೇಶದ ಜೊತೆ. ಅಲ್ಲಿಂದ ಬಂದವರು ಇನ್ನು ಮೇಲೆ ತಪಾಸಣೆಯಿಲ್ಲದೆ ಮೇಲಂತಸ್ತಿನ ಗಾಜಿನ ಓಣಿಯಲ್ಲಿ ನೇರ ಹೋಗಬಹುದು. ವರ್ಷದ ಎರಡು ಭೇಟಿಯಲ್ಲಿ ಒಂದು ಹಾಗೆ ಹೋಯಿತು.

ಎರಡನೆಯ ಒಪ್ಪಂದ ತಂಗಿಯ ಗಂಡನ ದೇಶದ ಜೊತೆ ಎಂದು ಕೇಳಿದಾಗ ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಡಿಯ ವಿಷಯದಲ್ಲಿ, ನದಿಯ ವಿಷಯದಲ್ಲಿ, ಕೊನೆಗೆ ಆಟದ ವಿಷಯದಲ್ಲೂ ಮುಖ ಕೊಟ್ಟು ಮಾತಾಡದ ಈ ಎರಡು ದೇಶಗಳಿಗೆ ಒಮ್ಮತ ಬಂದದ್ದು ಚೀಲ ನೋಡುವುದರಲ್ಲಿ ಮಾತ್ರ. ಒಪ್ಪಂದಕ್ಕೆ ಮೊದಲು ಒಂದು ತಿಂಗಳು ಪರೀಕ್ಷೆ. ಅಲ್ಲಿ ನೋಡಿ ಬಿಟ್ಟ ಚೀಲಗಳನ್ನೆಲ್ಲ ಇಲ್ಲಿ ಎಂದಿನಂತೆ ನೋಡಬೇಕು. ಅಲ್ಲಿಯವರ ಕಣ್ಣು ತಪ್ಪಿ ಬಂದ ಅಪಾಯದ ವಸ್ತು ಏನೂ ಸಿಗದಿದ್ದರೆ ಒಪ್ಪಂದ ಜಾರಿ, ಈ ಕೌಂಟರಿಗೆ ಬೀಗ. ಆ ದೇಶದ ಪರಿವೀಕ್ಷಕಿಯೊಬ್ಬಳು ವಿಶೇಷ ಅನುಮತಿಯ ಮೇಲೆ ಬಂದು ಇವರ ಬೆನ್ನ ಹಿಂದೆಯೇ ನಿಂತಳು. ಬಿಗಿದ ಮುಖ, ಅಳೆದು ತೂಗಿದ ಮಾತು. ತನ್ನ ಬಿಸಿನೀರಿನ ಫ್ಲಾಸ್ಕನ್ನು ದಿನಾ ತಾನೇ ಟ್ರೇಯಲ್ಲಿಟ್ಟು ತಪಾಸಣೆಗೆ ಒಪ್ಪಿಸುತ್ತಿದ್ದಳು.

ಅಕ್ಕ ಮಾಡಿದ ತಪ್ಪು ಇಷ್ಟೇ. ಒಂದು ರಾತ್ರಿ ಫೋನಿನಲ್ಲಿ ತಂಗಿಗೆ ಎಲ್ಲ ಹೇಳಿಬಿಟ್ಟಳು.

"ಈ ಸಲದ್ದೇ ಕೊನೆ ಅನ್ಸುತ್ತೆ ಪುಟ್ಟಿ. ಮುಂದಿನ ವರ್ಷದಿಂದ ನೀನು ಮೇಲೆ, ನಾನು ಕೆಳಗೆ."

"ತಪ್ಪಿಸೋಕೆ ಆಗಲ್ವಾ ಅಕ್ಕ?"

"ನಿಮ್ಮ ಕಡೆಯವರು ಏನಾದ್ರೂ ನೋಡದೆ ಬಿಟ್ಟು, ಅದು ಇಲ್ಲಿ ಸಿಕ್ಕಿದ್ರೆ ನಿಲ್ಲುತ್ತೆ. ಅವರೂ ಈಗ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿದ್ದಾರಂತೆ. ಎಲ್ಲಿ ಬಿಡ್ತಾರೆ?"

ಆಚೆಯಿಂದ ತಂಗಿ ಏನೂ ಹೇಳಲಿಲ್ಲ. ಲೈನು ಕಟ್ಟಾಯಿತೇನೋ ಎಂದು ಅಕ್ಕ ಎರಡು ಸಲ ಹಲೋ ಎಂದಳು. ಒಳಗಿನ ಮಾತು ಹೊರಗೆ ಆಡಬಾರದೆಂದು ಪ್ರತಿ ವರ್ಷ ಸಹಿ ಹಾಕುವವಳು ಅವಳು. ಆದರೂ ಫೋನಿಟ್ಟ ಮೇಲೆ ಅವಳಿಗೆ ಕಾಡಿದ್ದು ಆ ಸಹಿಯಲ್ಲ, ತಂಗಿಯ ಮೌನ.

ತಂಗಿ ರಜೆ ಮುಗಿಸಿ ಗಂಡನ ಊರಿನಿಂದ ಬರುವ ದಿನ ಜೊತೆಗಾತಿ ಹಲ್ಲುನೋವು ಜಾಸ್ತಿಯಾಗಿ ನಿಲ್ದಾಣದ ಆಚೆ ತುದಿಯಲ್ಲಿರುವ ದವಾಖಾನೆಗೆ ಹೋಗಿದ್ದಳು. ಅಕ್ಕ ಗಡಿಯಾರ ನೋಡಿ, ತಂಗಿಯ ವಿಮಾನಕ್ಕೆ ಇನ್ನೂ ಹೊತ್ತಿದೆ ಎಂದು ಧೈರ್ಯವಾಗಿ ಕುರ್ಚಿಯಲ್ಲಿ ಕೂತಳು. ವಿಮಾನ ಬೇಗ ಇಳಿದಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ. ಕುರ್ಚಿಯಲ್ಲಿ ಕೂತವರಿಗೆ ಚೀಲದೊಳಗಿನದು ಕಾಣುತ್ತದೆಯೇ ಹೊರತು ಚೀಲ ಇಟ್ಟವರ ಮುಖ ಕಾಣುವುದಿಲ್ಲ.

ಬಟ್ಟೆಗಳ ಕಿತ್ತಳೆ ಬಣ್ಣದ ಮಬ್ಬಿನೊಳಗೆ ಗಾಢ ನೀಲಿಯಲ್ಲಿ ಒಂದು ಕತ್ತರಿ ತೇಲಿಬಂತು. ದರ್ಜಿಗಳ ಉದ್ದ ಕತ್ತರಿ. ಒಂದು ಅಲಗಿನ ತುದಿ ಮೊಂಡಾಗಿತ್ತು. ಆ ಮೊಂಡು ತುದಿ ಅಕ್ಕನಿಗೆ ಗೊತ್ತು, ಅದು ಅಮ್ಮನ ಕತ್ತರಿ. ಚಿಕ್ಕವಳಿದ್ದಾಗ ತಂಗಿ ಅದರಿಂದ ಪೆಟ್ಟಿಗೆಯ ಬೀಗ ಮೀಟಲು ಹೋಗಿ ಮುರಿದಿದ್ದಳು, ಅಮ್ಮನ ಕೈಲಿ ಏಟು ತಿಂದು ಅಕ್ಕನ ಬೆನ್ನ ಹಿಂದೆ ಅಡಗಿದ್ದಳು. ಮದುವೆಯಾಗಿ ಹೋಗುವಾಗ ಆಸ್ತಿಯೆಂದು ಕೊಂಡುಹೋದದ್ದೂ ಅದೊಂದನ್ನೇ.

ಇದು ಮರೆತು ಬಂದದ್ದಲ್ಲ, ತನ್ನ ಮಾತಿಗೇ ಬಂದದ್ದು ಎಂದು ಅಕ್ಕನಿಗೆ ಆ ಕ್ಷಣವೇ ತಿಳಿಯಿತು. ಬೆರಳು ಬೆಲ್ಟು ನಿಲ್ಲಿಸುವ ಗುಂಡಿಯ ಮೇಲಿತ್ತು. ಒತ್ತದಿದ್ದರೆ ಚೀಲ ಮುಂದೆ ಹೋಗುತ್ತದೆ, ತಂಗಿಯೂ ಹೋಗುತ್ತಾಳೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ, ಕೌಂಟರು ಮುಚ್ಚುತ್ತದೆ. ಒತ್ತಿದರೆ ತಂಗಿ ಸಿಕ್ಕಿಬೀಳುತ್ತಾಳೆ, ಕೌಂಟರು ಉಳಿಯುತ್ತದೆ. ಅವಳು ಒತ್ತಿದಳು. ಇಷ್ಟು ವರ್ಷ ಪಳಗಿದ ಬೆರಳು ತಾನಾಗಿ ಒತ್ತಿತೋ, ಕೌಂಟರು ಉಳಿಯಲಿ ಎಂಬ ಆಸೆ ಒತ್ತಿಸಿತೋ, ಅದನ್ನು ಅವಳೇ ಇವತ್ತಿಗೂ ಆಣೆ ಮಾಡಿ ಹೇಳಲಾರಳು. ನಾನು ಹೇಗೆ ಹೇಳಲಿ?

"ಕತ್ತರಿ ಇದೆ" ಎಂದಳು. ಎದ್ದು ನಿಂತಳು. "ಈ ಚೀಲ ನನ್ನ ತಂಗೀದು. ನಾನು ಕುರ್ಚಿ ಬಿಡ್ತಿದ್ದೀನಿ."

ಮೀಸೆ ಚೀಲ ಬಿಚ್ಚಿದ. ಈ ಸಲ ಅವನು ನಿಧಾನ ಮಾಡಲಿಲ್ಲ. ಮೂರು ಬಟ್ಟೆಯೊಳಗೆ ಸುತ್ತಿದ್ದ ಕತ್ತರಿ ಹೊರಗೆ ಬಂತು. ಪರಿವೀಕ್ಷಕಿ ಅದನ್ನು ನೋಡಿದಳು, ಮುಖ ಬಿಳಿಚಿಕೊಂಡಿತು. ಶಿಫ್ಟ್ ಸಾಹೇಬರು ತಮ್ಮ ಗಾಜಿನ ಕೋಣೆಯಿಂದ ಧಾವಿಸಿ ಬಂದರು.

"ಏನಮ್ಮ ಇದು?"

"ಮರೆತು ಬಂದಿದೆ ಸಾರ್. ನಂದು ಹೊಲಿಗೆ ಕೆಲಸ" ಎಂದಳು ತಂಗಿ. ಅವಳ ಕಣ್ಣು ಸಾಹೇಬರ ಮೇಲಿರಲಿಲ್ಲ. ಗೆರೆಯ ಹಿಂದಿದ್ದ ಅಕ್ಕನ ಕಡೆ ನೋಡಿ, ಪರೀಕ್ಷೆಯಲ್ಲಿ ಪಾಸಾದ ಮಗುವಿನ ಹಾಗೆ ಒಂದು ಸಣ್ಣ ನಗು ನಕ್ಕಳು.

"ಮರೆತು ಬಂದ ಕತ್ತರಿ ತಾನೇ ಬಟ್ಟೆ ಸುತ್ತಿಕೊಂಡು ಬರುತ್ತಾ?" ಎಂದರು ಸಾಹೇಬರು. "ಪೊಲೀಸರಿಗೆ ಕೊಡಬೇಕಾಗುತ್ತೆ. ವಿಮಾನ ತಪ್ಪುತ್ತೆ. ಆಮೇಲೆ ನಿಮ್ಮ ಹೆಸರು ಎಲ್ಲೆಲ್ಲಿ ಹೋಗುತ್ತೋ ನನಗೆ ಗೊತ್ತಿಲ್ಲ."

ತಂಗಿಯ ನಗು ಇಂಗಿಹೋಯಿತು. ಹೆಸರು ಒಂದು ಸಲ ವಿಮಾನ ಹತ್ತಿಸಬಾರದವರ ಪಟ್ಟಿಗೆ ಸೇರಿದರೆ ಯಾವ ವಿಮಾನವೂ ಇಲ್ಲ, ಹೋಟೆಲಿನ ಕೆಲಸವೂ ಇಲ್ಲ. ಅಷ್ಟು ದೂರ ಅವಳು ಯೋಚಿಸಿರಲಿಲ್ಲ. ಯೋಚಿಸಬೇಕಾದವಳು ಅಕ್ಕ.

"ಸಾರ್, ಅವಳು ನನ್ನ ಮಾತು ಕೇಳಿ ತಂದಿದ್ದಾಳೆ" ಎಂದಳು ಅಕ್ಕ.

"ನೀನು ಸುಮ್ನೆ ಹಿಂದೆ ನಿಲ್ಲಮ್ಮ" ಎಂದು ಸಾಹೇಬರು ಪರಿವೀಕ್ಷಕಿಯ ಕಡೆ ಕಳ್ಳನೋಟ ಬೀರಿದರು.

"ಇಲ್ಲ ಸಾರ್. ಈ ಕೌಂಟರ್ ಮುಚ್ಚುತ್ತೆ, ಏನಾದ್ರೂ ಸಿಕ್ಕಿದ್ರೆ ಮುಚ್ಚಲ್ಲ ಅಂತ ನಾನೇ ಫೋನಲ್ಲಿ ಹೇಳಿದ್ದೆ. ತಾ ಅಂತ ಹೇಳಲಿಲ್ಲ. ಆದ್ರೆ ಹೇಳಿದ ಹಾಗೇ ಆಯ್ತು. ನಾವು ಇಲ್ಲಿ ಮಾತ್ರ ಸಿಗೋದು. ಅದಕ್ಕೆ ತಂದಿದ್ದಾಳೆ, ಬೇರೆ ಯಾವುದಕ್ಕೂ ಅಲ್ಲ."

ಸಾಹೇಬರು ಇಂಗು ತಿಂದ ಮಂಗನ ಹಾಗೆ ನಿಂತರು. ತಮ್ಮ ಸಿಬ್ಬಂದಿಯೇ ಒಳಗಿನ ಗುಟ್ಟು ಬಿಟ್ಟುಕೊಟ್ಟದ್ದು, ಅದೂ ಆ ದೇಶದವಳ ಎದುರು. ಮೀಸೆ ಕತ್ತರಿಯನ್ನು ಹಿಡಿದುಕೊಂಡೇ ಇದ್ದ, ಎಲ್ಲಿಡಬೇಕೋ ತಿಳಿಯದೆ.

"ಇದನ್ನು ಲೆಕ್ಕಕ್ಕೆ ತಗೋಬೇಕಾಗಿಲ್ಲ ಮೇಡಂ" ಎಂದರು ಸಾಹೇಬರು ಕೊನೆಗೆ. "ಬೇಕಂತ ಇಟ್ಟಿದ್ದು. ಪರೀಕ್ಷೆಗೆ ಇದು ಸೇರಲ್ಲ."

ಪರಿವೀಕ್ಷಕಿಗೆ ಅದು ಕೈಗೆ ಬಂದ ವರ. ಹೂಂ ಎಂದಿದ್ದರೆ ಅವಳ ದೇಶದ ಮಾನ ಉಳಿಯುತ್ತಿತ್ತು. ಅವಳು ಕತ್ತರಿಯನ್ನು ಮೀಸೆಯ ಕೈಯಿಂದ ತೆಗೆದುಕೊಂಡು, ಮೊಂಡು ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಯಾಕೆ ತಂದರು ಅನ್ನೋದು ಬೇರೆ ಮಾತು. ನಮ್ಮವರು ನೋಡಬೇಕಿತ್ತು, ನೋಡಲಿಲ್ಲ. ಬರ್ಕೊಳ್ಳಿ" ಎಂದಳು. ಆಮೇಲೆ ತಂಗಿಯನ್ನು ತೋರಿಸಿ, "ಇವರು ನಮ್ಮ ದೇಶದವರು. ಕತ್ತರಿ ಇಲ್ಲೇ ಇರಲಿ, ಎಚ್ಚರಿಕೆ ಕೊಟ್ಟು ಬಿಡಿ. ಪೊಲೀಸರು ಬೇಡ, ನಮ್ಮ ಕಡೆಯಿಂದ ನಾನು ಜವಾಬ್ದಾರಿ. ಪೂರ್ತಿ ಮೈ ತಪಾಸಣೆ ಮಾತ್ರ ಆಗಲೇಬೇಕು" ಎಂದಳು.

ಸಾಹೇಬರು ಸುತ್ತ ನೋಡಿದರು. ಜೊತೆಗಾತಿ ದವಾಖಾನೆಯಲ್ಲಿದ್ದಳು. ಬೇರೆ ಕೌಂಟರಿನಿಂದ ಹೆಂಗಸೊಬ್ಬಳನ್ನು ಕರೆಸಬೇಕೆಂದರೆ ತಂಗಿಯ ಮುಂದಿನ ವಿಮಾನದ ಬಾಗಿಲು ಅಷ್ಟರಲ್ಲಿ ಮುಚ್ಚುತ್ತದೆ. "ನೀವೇ ನೋಡಿಬಿಡಿ ಮೇಡಂ" ಎಂದರು.

"ನಿಮ್ಮ ನೆಲದಲ್ಲಿ ಯಾರನ್ನೂ ಮುಟ್ಟೋ ಅಧಿಕಾರ ನನಗಿಲ್ಲ. ನೋಡಬಹುದು, ಅಷ್ಟೆ" ಎಂದಳು ಪರಿವೀಕ್ಷಕಿ. ಹಳದಿ ಗೆರೆಯ ಹಿಂದೆ ನಿಂತಿದ್ದ ಅಕ್ಕನನ್ನು ಒಮ್ಮೆ ದಿಟ್ಟಿಸಿದಳು. "ಇವರೇ ಮಾಡಲಿ. ನಾನು ಪಕ್ಕದಲ್ಲಿ ನಿಂತು ಕಣ್ಣು ಕೀಳದೆ ನೋಡ್ತೀನಿ. ಹಾಗಂತ ಇಬ್ಬರೂ ಸಹಿ ಹಾಕೋಣ."

"ಸಂಬಂಧಿಕರು ಮುಟ್ಟಬಾರದು ಅಂತ ನಿಯಮ ಇದೆ ಮೇಡಂ."

"ನಮ್ಮಲ್ಲೂ ಇದೆ" ಎಂದಳು ಅವಳು. "ಒಬ್ಬಳೇ ಇದ್ದು ಮಾಡಬಾರದು ಅಂತ ಅದರ ಅರ್ಥ. ಇವರು ಒಬ್ಬರೇ ಅಲ್ಲವಲ್ಲ."

ಹೀಗೆ ಅಕ್ಕ ಗೆರೆ ದಾಟಿದಳು.

ಗೂಡಿನೊಳಗೆ ಮೂವರಿಗೆ ಜಾಗ ಸಾಲುತ್ತಿರಲಿಲ್ಲ. ಪರಿವೀಕ್ಷಕಿ ಪರದೆಯನ್ನು ಬೆನ್ನಿಗಾನಿಸಿಕೊಂಡು ನಿಂತಳು. ಅಕ್ಕ ಹೊಸ ಕೈಗವಸು ಹಾಕಿಕೊಂಡಳು. ತೆಳ್ಳನೆಯ ಆ ರಬ್ಬರಿನ ಮೇಲೂ ಅವಳಿಗೆ ಸಿಟ್ಟು ಬಂತು.

"ಕೈ ಅಗಲ ಮಾಡಿ" ಎಂದಳು, ಎಲ್ಲರಿಗೂ ಹೇಳುವ ಹಾಗೆ. ಹುಟ್ಟಿದಾಗಿನಿಂದ ನೀನು ಎಂದೇ ಕರೆದವಳ ಬಾಯಲ್ಲಿ ಆ ಬಹುವಚನ ಕೇಳಿ ತಂಗಿ ಒಮ್ಮೆ ಅಕ್ಕನ ಮುಖ ನೋಡಿದಳು. ಕೈ ಅಗಲಿಸಿ ನಿಂತಳು.

ಅಕ್ಕ ಕೊರಳಪಟ್ಟಿಯಿಂದ ಶುರುಮಾಡಿದಳು. ಕೂದಲ ಬುಡದಲ್ಲಿ, ಚಿಕ್ಕಂದಿನಲ್ಲಿ ಇಸ್ತ್ರಿಪೆಟ್ಟಿಗೆ ತಾಕಿದ ಕಲೆ ಇನ್ನೂ ಇತ್ತು. ಕೂದಲು ತೆಳ್ಳಗಾಗಿತ್ತು. ಬಲ ಹೆಗಲು ದಿನವಿಡೀ ಬಟ್ಟೆ ತಳ್ಳಿ ತಳ್ಳಿ ಗಟ್ಟಿಯಾಗಿತ್ತು, ಎಡ ಹೆಗಲು ಮಗುವಿನದರ ಹಾಗೆ ಸಪುರ. ಇದನ್ನು ಜೊತೆಗಾತಿ ಯಾವತ್ತೂ ಹೇಳಿರಲಿಲ್ಲ. ಎರಡು ಹೆಗಲಿಗೂ ಇದ್ದ ವ್ಯತ್ಯಾಸ ತಿಳಿಯಬೇಕಾದರೆ ಅವು ಮೊದಲು ಹೇಗಿದ್ದವೆಂದು ಗೊತ್ತಿರಬೇಕು. ತೋಳಿನುದ್ದಕ್ಕೂ ಮಣಿಕಟ್ಟಿನವರೆಗೆ ಇಳಿದು, ಮತ್ತೆ ಬೆನ್ನಿಗೆ ಬಂದಳು. ಬೆನ್ನ ಮೇಲೆ ಕೈ ಇಟ್ಟಾಗ ತಂಗಿ ಉಸಿರು ಹಿಡಿದಳು, ಆಮೇಲೆ ಬಿಟ್ಟಳು. ಜ್ವರದ ರಾತ್ರಿಗಳಲ್ಲಿ ಅಕ್ಕ ಕಾಯುತ್ತಾ ಕೂರುತ್ತಿದ್ದುದು ಅದೇ ಉಸಿರಿಗೆ. ಅಕ್ಕನ ಕೈ ಅಲ್ಲಿಂದ ಏಳಲಿಲ್ಲ. ನಿಲ್ಲಿಸಿದಳೆಂದೂ ಹೇಳುವಂತಿಲ್ಲ, ಒಂದೊಂದೇ ಬೆರಳಗಲ ಸರಿಯುತ್ತಿತ್ತು. ಕಣ್ಣು ಕೀಳುವುದಿಲ್ಲ ಎಂದಿದ್ದ ಪರಿವೀಕ್ಷಕಿಗೆ ಆಗಲೇ ಕೆಮ್ಮು ಬಂತೇನೋ, ಮುಖ ಪರದೆಯ ಕಡೆ ತಿರುಗಿಸಿಕೊಂಡಳು.

ಸೊಂಟ, ಕಾಲು, ಹಿಮ್ಮಡಿ. ನಿಯಮದಲ್ಲಿ ಇದ್ದದ್ದು ಯಾವುದನ್ನೂ ಅಕ್ಕ ಬಿಡಲಿಲ್ಲ.

"ಏನಾದರೂ ಸಿಕ್ತಾ?" ಎಂದು ಪರಿವೀಕ್ಷಕಿ ಕೇಳಿದಳು. ಕೇಳಲೇಬೇಕಾದ ಪ್ರಶ್ನೆ ಅದು.

"ಏನಿಲ್ಲ" ಎಂದಳು ಅಕ್ಕ.

ತಂಗಿ ಚೀಲ ಎತ್ತಿಕೊಂಡು ಓಡಿದಳು. ಓಡದಿದ್ದರೆ ವಿಮಾನ ಸಿಗುತ್ತಿರಲಿಲ್ಲ. ತಿರುಗಿ ನೋಡಲೂ ಅವಳಿಗೆ ಪುರಸೊತ್ತಿರಲಿಲ್ಲ, ಅಕ್ಕನಿಗೆ ಅದೇ ಒಳ್ಳೆಯದೆನಿಸಿತು.

ಬಾಯಿ ಸಡಿಲ ಬಿಟ್ಟದ್ದಕ್ಕೆ ಅಕ್ಕನನ್ನು ಆ ಪಡಸಾಲೆಯಿಂದ ತೆಗೆದು, ಕೆಳಗೆ ಸಿಬ್ಬಂದಿ ಒಳಬರುವ ಬಾಗಿಲಿಗೆ ಹಾಕಿದರು. ಈಗ ಅವಳು ನೋಡುವುದು ಕಸ ಗುಡಿಸುವವರ, ಚೀಲ ಹೊರುವವರ ಊಟದ ಡಬ್ಬಿಗಳನ್ನು. ಕೆಲಸ ಹೋಗದೆ ಉಳಿದದ್ದು ಪರಿವೀಕ್ಷಕಿ ಬರೆದ ನಾಲ್ಕು ಸಾಲಿನಿಂದ ಎಂದು ಮೀಸೆ ಹೇಳುತ್ತಾನೆ. ನಿಜವೋ ಸುಳ್ಳೋ. ಕತ್ತರಿಯ ದೆಸೆಯಿಂದ ಒಪ್ಪಂದ ಮುಂದಕ್ಕೆ ಹೋಯಿತು, ನಿಲ್ಲಲಿಲ್ಲ. ಆ ದೇಶದವರು ತಮ್ಮ ಜನಕ್ಕೆ ಮತ್ತೆ ತರಬೇತಿ ಕೊಟ್ಟರು, ಮತ್ತೆ ಪರೀಕ್ಷೆ ಆಯಿತು, ಪಾಸಾದರು. ಬೆಲ್ಟು, ಯಂತ್ರ, ಗೂಡು ಎಲ್ಲ ಕಿತ್ತು ಪಡಸಾಲೆಯಲ್ಲಿ ಈಗ ಕುರ್ಚಿಗಳನ್ನು ಹಾಕಿದ್ದಾರಂತೆ. ಎರಡು ದೇಶಗಳ ದೊಡ್ಡವರು ಕೈಕುಲುಕುವ ಫೋಟೋ ಕೂಡ ಬಂತು. ವೀಸಾ ಮಾತ್ರ ಹಾಗೇ ಇದೆ.

ತಂಗಿ ಮುಂದಿನ ಸಲ ಬಂದಾಗ ಮೇಲಂತಸ್ತಿನಿಂದ ಫೋನ್ ಮಾಡಿದಳು. ಅಕ್ಕ ಬಾಗಿಲನ್ನು, ಪಡಸಾಲೆ ಮುಚ್ಚಿದ ಮೇಲೆ ಅಲ್ಲಿಗೇ ಬಂದಿದ್ದ ಮೀಸೆಗೆ ಒಪ್ಪಿಸಿ ಮೆಟ್ಟಿಲ ಕೆಳಗೆ ಬಂದು ನಿಂತಳು.

"ಎಲ್ಲಿದ್ದೀಯ ಪುಟ್ಟಿ?"

"ನಿನ್ನ ತಲೆ ಮೇಲೆ" ಎಂದಳು ತಂಗಿ. "ಹೆಜ್ಜೆ ಕುಟ್ಲಾ? ಕೇಳಿಸುತ್ತಾ?"

ಅಕ್ಕ ಚಾವಣಿ ನೋಡಿದಳು. ಕಾಂಕ್ರೀಟು, ಪೈಪು, ದೂಳು ಹಿಡಿದ ದೀಪ. "ಕೇಳಿಸಲ್ಲ" ಎಂದಳು.

ಊಟ ಆಯ್ತಾ, ಗಂಡ ಹೇಗಿದ್ದಾನೆ, ಹೆಗಲು ನೋಯುತ್ತಾ. ನಾಲ್ಕು ಮಾತು ಆಯಿತು. ಮೇಲೆ ಯಾವುದೋ ವಿಮಾನಕ್ಕೆ ಜನರನ್ನು ಕರೆಯುತ್ತಿದ್ದುದು ಫೋನಿನಲ್ಲೂ ಕೇಳಿತು, ಗೋಡೆಯ ಆಚೆಯಿಂದಲೂ ಕೇಳಿತು.

"ಅಕ್ಕ, ಒಂದು ಕೇಳ್ಲಾ? ಅವತ್ತು ನನ್ನ ಬೆನ್ನನ್ನ ಅಷ್ಟು ಹೊತ್ತು ನೋಡಿದೆಯಲ್ಲ. ನಿಮ್ಮ ನಿಯಮದಲ್ಲಿ ಅಷ್ಟು ಹೊತ್ತು ನೋಡಬೇಕು ಅಂತ ಇದೆಯಾ?"

"ಇಲ್ಲ" ಎಂದಳು ಅಕ್ಕ.